ಹಿತ್ತಿಲಿನ ಅಂಜೂರ ಯಾವ ತಳಿ? ಪತ್ತೆ ಹಚ್ಚುವ ಕ್ರಮ

ಎಲೆಯ ಫೋಟೊ ಒಂದನ್ನು ತೋರಿಸಿ ‘ಇದು ಯಾವ ಅಂಜೂರ?’ ಎಂದು ಕೇಳಿದರೆ ಸಿಗುವ ಉತ್ತರ ಬರೀ ಊಹೆ. ಒಂದೇ ಗಿಡದ ಒಂದೇ ಕೊಂಬೆಯಲ್ಲಿ ಐದು ಬೆರಳಿನ ಎಲೆ, ಮೂರು ಬೆರಳಿನ ಎಲೆ, ಸೀಳೇ ಇಲ್ಲದ ಎಲೆ ಎಲ್ಲವೂ ಇರುತ್ತವೆ. ಹಣ್ಣಿನ ಸಿಪ್ಪೆಯ ಬಣ್ಣವೂ ಅಷ್ಟೇ, ಬಿಸಿಲು ಬಿದ್ದ ಕಡೆ ಒಂದು, ನೆರಳಿನ ಕಡೆ ಇನ್ನೊಂದು. ಸಾಲದ್ದಕ್ಕೆ ಹೆಸರುಗಳ ಗೊಂದಲ ಬೇರೆ. ಅಮೆರಿಕದ ತೋಟಗಾರಿಕೆ ತಜ್ಞ ಐ.ಜೆ. ಕಾಂಡಿಟ್ 1955ರಲ್ಲಿ ಪ್ರಕಟಿಸಿದ ತಳಿಗಳ ವಿವರಣೆಯಲ್ಲಿ 700ಕ್ಕೂ ಹೆಚ್ಚು ಅಂಜೂರಗಳಿವೆ. ಒಂದೇ ಗಿಡಕ್ಕೆ ಹತ್ತು ಊರಲ್ಲಿ ಹತ್ತು ಹೆಸರು. ಒಂದೇ ಹೆಸರಿನಲ್ಲಿ ಮೂರು ನಾಲ್ಕು ಬೇರೆ ಬೇರೆ ಗಿಡ.

ಹಾಗಾಗಿ ಈ ಕೆಲಸದಲ್ಲಿ ಹೆಸರು ಕೊನೆಗೆ ಬರಬೇಕು. ಮೊದಲು ಜಾತಿ, ಆಮೇಲೆ ಗುಂಪು, ಆಮೇಲೆ ಹಣ್ಣು, ಅದಾದ ಮೇಲೆ ಎಲೆ. ಹೊಂದುವ ಹೆಸರನ್ನು ಹುಡುಕಿಕೊಂಡು ಹೋದರೆ ಮನಸ್ಸಿಗೆ ಇಷ್ಟವಾದದ್ದೇ ಹೊಂದಿದಂತೆ ಕಾಣುತ್ತದೆ. ಹೊಂದದ ಹೆಸರುಗಳನ್ನು ಒಂದೊಂದಾಗಿ ಹೊಡೆದುಹಾಕುತ್ತಾ ಹೋಗುವುದೇ ನಂಬಬಹುದಾದ ದಾರಿ. ಅದಕ್ಕೆ ಕಡಿಮೆಯೆಂದರೂ ಒಂದು ಪೂರ್ತಿ ವರ್ಷ ಬೇಕು. ಎರಡು ವರ್ಷ ನೋಡಿದರೆ ಇನ್ನೂ ಗಟ್ಟಿ.

ಮೊದಲು, ಇದು ಅಂಜೂರವೇ?

ಅಂಜೂರ, ಅಂದರೆ ಫೈಕಸ್ ಕ್ಯಾರಿಕ, ಆಲ, ಅರಳಿ, ಅತ್ತಿಗಳ ದಾಯಾದಿ. ಎಲ್ಲದರಲ್ಲೂ ಬಿಳಿ ಹಾಲು ಬರುತ್ತದೆ. ಎಲ್ಲದರ ಎಳೆ ಕಡ್ಡಿಯಲ್ಲೂ ಪ್ರತಿ ಎಲೆಯ ಬುಡದಲ್ಲಿ ಬಳೆ ತೊಡಿಸಿದಂಥ ಸುತ್ತು ಗೆರೆ ಇರುತ್ತದೆ. ಹಿಪ್ಪುನೇರಳೆ ಎಲೆ ಅಂಜೂರದ ಎಲೆಯನ್ನು ಹೋಲಬಹುದು, ಆದರೆ ಅದಕ್ಕೆ ಈ ಸುತ್ತು ಗೆರೆ ಇಲ್ಲ. ಅಂಜೂರದ ಎಲೆ ದಪ್ಪ. ಮೇಲ್ಭಾಗ ಉಪ್ಪುಕಾಗದದ ಹಾಗೆ ಒರಟು, ಅಡಿಯಲ್ಲಿ ಸಣ್ಣ ರೋಮ, ಮುಖ್ಯ ನರಗಳು ಎಲೆಯ ಬುಡದಿಂದಲೇ ಅಂಗೈ ಬಿಡಿಸಿದಂತೆ ಹರಡಿರುತ್ತವೆ. ಕಾಯಿ ಎಲೆಯ ಕಂಕುಳಲ್ಲಿ ಒಂದೊಂದಾಗಿ, ಅಪರೂಪಕ್ಕೆ ಎರಡೆರಡಾಗಿ ಬರುತ್ತದೆ. ಎಲೆ ನುಣುಪಾಗಿದ್ದು, ಸೀಳಿಲ್ಲದೆ, ಕಾಯಿಗಳು ಕಾಂಡದ ಮೇಲೆಯೇ ಗೊಂಚಲು ಕಟ್ಟಿದ್ದರೆ ಅದು ಅತ್ತಿ. ಅಲ್ಲಿಗೆ ಹುಡುಕಾಟ ಮುಗಿಯಿತು.

ಕಡ್ಡಿಯಿಂದ ಬಂದದ್ದೋ, ಬೀಜದಿಂದ ಹುಟ್ಟಿದ್ದೋ?

ತಳಿ ಎಂದರೆ ಒಂದೇ ಮೂಲ ಗಿಡದಿಂದ ಕಡ್ಡಿ ನೆಟ್ಟು, ಗೂಟಿ ಕಟ್ಟಿ (ಕೊಂಬೆಯಲ್ಲೇ ಬೇರು ಬರಿಸಿ), ಬುಡದ ಚಿಗುರು ಕಿತ್ತು ಹೆಚ್ಚಿಸಿಕೊಂಡು ಬಂದ ಗಿಡ. ಬೀಜದಿಂದ ಹುಟ್ಟಿದ ಪ್ರತಿ ಗಿಡವೂ ಹೊಸದು. ಅದಕ್ಕೆ ಹೆಸರು ಇರುವುದಿಲ್ಲ, ಯಾವ ಪಟ್ಟಿಯಲ್ಲೂ ಸಿಗುವುದಿಲ್ಲ. ಹೀಗಾಗಿ ಈ ಪ್ರಶ್ನೆಗೆ ಮೊದಲೇ ಉತ್ತರ ಕಂಡುಕೊಂಡರೆ ಎಷ್ಟೋ ಶ್ರಮ ಉಳಿಯುತ್ತದೆ.

ಗಿಡ ನಿಂತ ಜಾಗವೇ ಅರ್ಧ ಹೇಳುತ್ತದೆ. ಗೋಡೆಯ ಬಿರುಕಿನಲ್ಲಿ, ಚರಂಡಿಯ ಅಂಚಿನಲ್ಲಿ, ಹಕ್ಕಿ ಕೂರುವ ತಂತಿಯ ಕೆಳಗೆ ಎದ್ದಿದ್ದರೆ ಬೀಜದ ಗಿಡ ಎಂಬ ಅನುಮಾನ ಸಹಜ. ಅಂಗಳದ ನಡುವೆ, ಬಾವಿಕಟ್ಟೆಯ ಪಕ್ಕ, ಬೇರೆ ಹಣ್ಣಿನ ಗಿಡಗಳ ಸಾಲಿನಲ್ಲಿ ಇದ್ದರೆ ಯಾರೋ ತಂದು ನೆಟ್ಟದ್ದು.

ಇನ್ನರ್ಧವನ್ನು ಹೇಳುವುದು ಒಂದು ಪುಟ್ಟ ಕಣಜ. ಅಂಜೂರದ ಬೀಜ ಮೊಳೆಯಬೇಕಾದರೆ ಬ್ಲಾಸ್ಟೊಫಾಗ ಪ್ಸೀನೆಸ್ ಎಂಬ ಕಣಜ ಗಂಡು ಗಿಡದ ಪರಾಗವನ್ನು ಹೊತ್ತು ತರಬೇಕು. ಈ ಕಣಜ ಇಲ್ಲದ ಪ್ರದೇಶದಲ್ಲಿ ಹಣ್ಣಿನೊಳಗಿನ ಬೀಜ ಬರೀ ಪೊಳ್ಳು. ಅಂಥ ಕಡೆ ಪ್ರತಿ ವರ್ಷ ತಪ್ಪದೆ ಸಿಹಿ ಹಣ್ಣು ಕೊಡುವ ಹಿತ್ತಿಲ ಗಿಡ ಹೆಚ್ಚುಕಡಿಮೆ ಖಂಡಿತವಾಗಿ ಕಡ್ಡಿಯಿಂದ ಬಂದದ್ದು. ಅದಕ್ಕೆ ಎಲ್ಲೋ ಒಂದು ಹೆಸರು ಇದ್ದೇ ಇರುತ್ತದೆ. ಒಣ ಅಂಜೂರದ ಬೀಜ ತಿಪ್ಪೆಗೆ ಬಿದ್ದು ಗಿಡವಾಗುವುದುಂಟು, ಏಕೆಂದರೆ ಒಣ ಹಣ್ಣುಗಳಲ್ಲಿ ಪರಾಗಸ್ಪರ್ಶವಾದವೂ ಇರುತ್ತವೆ. ಆದರೆ ಬೀಜದ ಸಸಿಗಳಲ್ಲಿ ಸುಮಾರು ಅರ್ಧ ಗಂಡು. ಉಳಿದ ಹೆಣ್ಣುಗಳಲ್ಲೂ ಬಹುಪಾಲಿಗೆ ಕಣಜವಿಲ್ಲದೆ ಹಣ್ಣು ನಿಲ್ಲುವುದಿಲ್ಲ.

ಬೀಜ ಗಟ್ಟಿಯೋ ಪೊಳ್ಳೋ ತಿಳಿಯಲು ಕಳಿತ ಹಣ್ಣಿನ ತಿರುಳನ್ನು ಒಂದು ಲೋಟ ನೀರಿನಲ್ಲಿ ಚೆನ್ನಾಗಿ ಕಿವುಚಿ ಐದು ನಿಮಿಷ ಬಿಡಿ. ಗಟ್ಟಿ ಬೀಜ ತಳ ಸೇರುತ್ತದೆ, ಪೊಳ್ಳು ತೇಲುತ್ತದೆ. ತಳದಲ್ಲಿ ಬೀಜ ತುಂಬಾ ಕೂತರೆ ಆ ಪ್ರದೇಶದಲ್ಲಿ ಕಣಜ ಓಡಾಡುತ್ತಿದೆ ಎಂದರ್ಥ. ಈ ಸಂಗತಿಯನ್ನು ಬರೆದಿಟ್ಟುಕೊಳ್ಳಿ, ಮುಂದೆ ಮತ್ತೆ ಬೇಕಾಗುತ್ತದೆ.

ಮನೆಯ ಹಿರಿಯರನ್ನು, ಅಕ್ಕಪಕ್ಕದವರನ್ನು ಕೇಳುವುದೂ ಪತ್ತೆಯ ಭಾಗವೇ. ಯಾರು ನೆಟ್ಟರು, ಕಡ್ಡಿ ಎಲ್ಲಿಂದ ಬಂತು, ಆಗ ಏನೆಂದು ಕರೆಯುತ್ತಿದ್ದರು ಎಂಬ ಮೂರು ಮಾತು ಸಿಕ್ಕರೆ ಏಳುನೂರು ಹೆಸರುಗಳ ಪಟ್ಟಿ ಹತ್ತಕ್ಕೆ ಇಳಿಯುತ್ತದೆ. ಇನ್ನೊಂದು ಎಚ್ಚರಿಕೆ: ಬುಡದಲ್ಲಿ ಎರಡು ಮೂರು ಕಾಂಡಗಳಿದ್ದರೆ ಎಲ್ಲವೂ ಒಂದೇ ಗಿಡ ಎಂದುಕೊಳ್ಳಬೇಡಿ. ಒಂದೇ ಗುಂಡಿಯಲ್ಲಿ ಎರಡು ತಳಿಯ ಕಡ್ಡಿ ನೆಟ್ಟಿರಬಹುದು, ಕಸಿ ಗಿಡವಾಗಿದ್ದರೆ ಬೇರುಗಿಡದ ಚಿಗುರು ಮೇಲೆ ಬಂದಿರಬಹುದು. ಪ್ರತಿ ಕಾಂಡಕ್ಕೂ ಬೇರೆ ಸಂಖ್ಯೆ ಕೊಟ್ಟು ಬೇರೆಯಾಗಿಯೇ ದಾಖಲಿಸಿ.

ನಾಲ್ಕು ಗುಂಪುಗಳಲ್ಲಿ ಯಾವುದು?

ಅಂಜೂರ ವರ್ಷಕ್ಕೆ ಎರಡು ಬೆಳೆ ಕೊಡಬಲ್ಲದು. ಎಲೆ ಉದುರಿ ನಿಂತ ಹಳೆ ಕಡ್ಡಿಯಲ್ಲೇ ಹೊಸ ಚಿಗುರಿನ ಜೊತೆಜೊತೆಗೆ ಕಾಣಿಸಿಕೊಳ್ಳುವುದು ಮೊದಲ ಬೆಳೆ, ಅದಕ್ಕೆ ಬ್ರೇಬಾ ಎಂದು ಹೆಸರು. ಆ ವರ್ಷದ ಹೊಸ ಚಿಗುರಿನ ಎಲೆಯ ಕಂಕುಳಲ್ಲಿ ಬರುವುದು ಮುಖ್ಯ ಬೆಳೆ. ಒಂದೇ ಗಿಡದ್ದಾದರೂ ಇವೆರಡರ ಗಾತ್ರ, ಆಕಾರ, ಕೆಲವೊಮ್ಮೆ ತಿರುಳಿನ ಬಣ್ಣ ಸಹ ಬೇರೆ. ಬ್ರೇಬಾ ಸಾಮಾನ್ಯವಾಗಿ ದೊಡ್ಡದು, ಉದ್ದ, ರುಚಿಯಲ್ಲಿ ಸ್ವಲ್ಪ ಸಪ್ಪೆ. ಬ್ರೇಬಾ ಹಿಡಿದುಕೊಂಡು ಮುಖ್ಯ ಬೆಳೆಯ ವಿವರಣೆಗೆ ಹೋಲಿಸುವುದು ಗುರುತು ತಪ್ಪುವ ದೊಡ್ಡ ಕಾರಣಗಳಲ್ಲೊಂದು.

ಎಲೆ ಬಿಡುವ ಕಾಲದಲ್ಲಿ ಎರಡು ಬಣ್ಣದ ದಾರ ತೆಗೆದುಕೊಳ್ಳಿ. ಹಳೆ ಕಡ್ಡಿಯ ಹತ್ತು ಕಾಯಿಗಳ ತೊಟ್ಟಿಗೆ ಕೆಂಪು ದಾರ ಸಡಿಲವಾಗಿ ಕಟ್ಟಿ. ಮುಂದೆ ಹೊಸ ಚಿಗುರಿನಲ್ಲಿ ಕಾಯಿ ಮೂಡಿದಾಗ ಇಪ್ಪತ್ತಕ್ಕೆ ಬಿಳಿ ದಾರ. ವಾರಕ್ಕೊಮ್ಮೆ ನೋಡಿ ಯಾವುದು ಬೆಳೆಯಿತು, ಯಾವುದು ಉದುರಿತು, ಯಾವುದು ಹಣ್ಣಾಯಿತು ಎಂದು ಬರೆಯಿರಿ. ಗುಂಪು ತಾನಾಗಿಯೇ ಗೊತ್ತಾಗುತ್ತದೆ.

ಬಿಳಿ ದಾರದವು ಕಣಜದ ಹಂಗಿಲ್ಲದೆ ಹಣ್ಣಾದರೆ ಅದು ಸಾಮಾನ್ಯ ಗುಂಪು. ಹಿತ್ತಿಲುಗಳಲ್ಲಿ ಇರುವುದು ಬಹುತೇಕ ಇದೇ. ಕೆಂಪು ದಾರದವು ಹಣ್ಣಾಗಿ ಬಿಳಿ ದಾರದವೆಲ್ಲ ಉದುರಿದರೆ ಸ್ಯಾನ್ ಪೆಡ್ರೊ ಗುಂಪು. ಡೆಸರ್ಟ್ ಕಿಂಗ್ ಇದಕ್ಕೆ ಚೆನ್ನಾಗಿ ಗೊತ್ತಿರುವ ಉದಾಹರಣೆ. ಮುಖ್ಯ ಬೆಳೆಯ ಕಾಯಿಗಳು ಹೆಬ್ಬೆರಳ ತುದಿಯಷ್ಟಾಗಿ, ಹಳದಿ ತಿರುಗಿ, ಸುಕ್ಕುಗಟ್ಟಿ ಪ್ರತಿ ವರ್ಷ ಬೀಳುತ್ತಿದ್ದು ಬ್ರೇಬಾವೂ ಇಲ್ಲದಿದ್ದರೆ ಸ್ಮಿರ್ನಾ ಗುಂಪು. ಟರ್ಕಿಯ ಸರಿಲೊಪ್ ಈ ಗುಂಪಿನದು. 1880ರ ದಶಕದಲ್ಲಿ ಇದರ ಕಡ್ಡಿಗಳನ್ನು ಕ್ಯಾಲಿಫೋರ್ನಿಯಾಕ್ಕೆ ಒಯ್ದು ನೆಟ್ಟವರು ಕಾಯಿ ಉದುರುವುದನ್ನು ವರ್ಷಗಟ್ಟಲೆ ನೋಡಬೇಕಾಯಿತು. 1899ರಲ್ಲಿ ಕಣಜ ಅಲ್ಲಿ ನೆಲೆಯೂರಿದ ಮೇಲೆಯೇ ಹಣ್ಣು ನಿಂತದ್ದು. ಅಲ್ಲಿ ಅದಕ್ಕೆ ಕ್ಯಾಲಿಮಿರ್ನಾ ಎಂದು ಹೆಸರಾಯಿತು.

ನಾಲ್ಕನೆಯದು ಗಂಡು ಅಂಜೂರ, ಕ್ಯಾಪ್ರಿಫಿಗ್. ಕಾಯಿ ಕೊಯ್ದರೆ ಒಳಗೆ ರಸವಿಲ್ಲ, ಬೆಂಡಿನ ಹಾಗೆ ಒಣಕಲು. ಬಲಿತ ಕಾಯಿಯಲ್ಲಿ ತುದಿಯ ತೂತಿನ ಸುತ್ತ ಒಳಗಡೆ ಕೇಸರಗಳ ಪಟ್ಟಿ, ಮುಟ್ಟಿದರೆ ಹಳದಿ ಪುಡಿ. ಕಣಜವಿರುವ ಕಡೆ ಸಣ್ಣ ಕಪ್ಪು ಕಣಜಗಳೂ ಕಾಣುತ್ತವೆ. ಅತ್ತಿಹಣ್ಣು ಬಿಚ್ಚಿದರೆ ಬರೀ ಹುಳ ಎಂಬ ಮಾತು ಕೇಳಿ ಬೆಳೆದವರು ಅಂಜೂರದಲ್ಲೂ ಹಾಗೇ ಎಂದು ಹೆದರುವುದುಂಟು. ಸಾಮಾನ್ಯ ಗುಂಪಿನ ಹಣ್ಣಿಗೆ ಕಣಜವೇ ಬೇಕಿಲ್ಲ.

ಆದರೆ ಕಾಯಿ ಉದುರಿದ ತಕ್ಷಣ ಸ್ಮಿರ್ನಾ ಎಂದು ತೀರ್ಮಾನಿಸಬೇಡಿ. ನೆಟ್ಟು ಎರಡು ಮೂರು ವರ್ಷದೊಳಗಿನ ಗಿಡ, ನೀರಿನ ಕೊರತೆ, ಸಾರಜನಕ ಗೊಬ್ಬರ ಹೆಚ್ಚಾಗಿ ಬರೀ ಎಲೆ ಸೊಕ್ಕಿದ್ದು, ಬೇರುಗಂಟು ಜಂತುಹುಳ, ವಿಪರೀತ ಸವರುವಿಕೆ, ಇವೆಲ್ಲವೂ ಕಾಯಿ ಉದುರಿಸುತ್ತವೆ. ಗುರುತಿಸುವ ವರ್ಷ ಗಿಡಕ್ಕೆ ಹದವಾಗಿ, ತಪ್ಪದೆ ನೀರು ಕೊಡಿ, ಸವರಬೇಡಿ. ಹಾಗಿದ್ದೂ ಮುಖ್ಯ ಬೆಳೆ ಒಂದೂ ಉಳಿಯದೆ ಬಿದ್ದರೆ ಆಗ ಗುಂಪಿನ ಮಾತು.

ಸಲಕರಣೆ ಮತ್ತು ಸೊನೆ

ಒಂದು ಗ್ರಾಂ ವ್ಯತ್ಯಾಸವನ್ನೂ ತೋರಿಸುವ ಅಡುಗೆಮನೆ ತೂಕದ ಯಂತ್ರ, ಮಿಲಿಮೀಟರ್ ಸ್ಕೇಲು ಅಥವಾ ವರ್ನಿಯರ್, ತೆಳ್ಳನೆಯ ಹರಿತ ಚಾಕು, ಬಿಳಿ ಕಾಗದ, ಹಣ್ಣಿಗೆ ಹಕ್ಕಿ ಕುಕ್ಕದಂತೆ ತೊಡಿಸಲು ಪರದೆ ಬಟ್ಟೆಯ ಸಣ್ಣ ಚೀಲಗಳು. ಇಷ್ಟು ಸಾಕು.

ಎಲೆ, ಕಾಯಿ ಕೀಳುವಾಗ ಕೈಗವಸು ಮತ್ತು ತುಂಬುತೋಳಿನ ಬಟ್ಟೆ ಹಾಕಿಕೊಳ್ಳಿ. ಅಂಜೂರದ ಸೊನೆ ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟಂಥ ಗುಳ್ಳೆ ಏಳುತ್ತದೆ, ಕಪ್ಪು ಕಲೆ ವಾರಗಟ್ಟಲೆ ಉಳಿಯುತ್ತದೆ. ತಾಗಿದರೆ ಕೂಡಲೇ ಸಾಬೂನು ಹಾಕಿ ತೊಳೆದು, ಆ ಜಾಗವನ್ನು ಒಂದೆರಡು ದಿನ ಬಿಸಿಲಿಗೆ ಒಡ್ಡಬೇಡಿ. ಸೊನೆಯ ಕೈಯಲ್ಲಿ ಕಣ್ಣು ಉಜ್ಜಬೇಡಿ.

ಯಾವ ಹಣ್ಣನ್ನು ಅಳೆಯಬೇಕು?

ಮುಖ್ಯ ಬೆಳೆಯ ಹತ್ತು ಹಣ್ಣು. ಶುರುವಿನ ಮೂರು ನಾಲ್ಕು ಹಣ್ಣು ಬೇಡ, ಅವು ಆಕಾರ ತಪ್ಪಿರುತ್ತವೆ. ಚಳಿ ಹತ್ತಿದ ಮೇಲಿನ ಕೊನೆಯ ಹಣ್ಣೂ ಬೇಡ. ಮಳೆ ಬಂದ ಮರುದಿನ ಕಿತ್ತರೆ ನೀರು ಕುಡಿದು ಉಬ್ಬಿ, ಬಿರಿದು, ರುಚಿ ಸಪ್ಪೆಯಾಗಿರುತ್ತದೆ; ಮೂರು ನಾಲ್ಕು ಒಣ ದಿನ ಕಳೆಯಲಿ.

ಹಣ್ಣು ಪೂರ್ತಿ ಕಳಿತಿರಬೇಕು. ಅಂಜೂರ ಕಿತ್ತ ಮೇಲೆ ಮೆತ್ತಗಾಗಬಹುದೇ ಹೊರತು ಸಿಹಿ ಏರುವುದಿಲ್ಲ, ಹಾಗಾಗಿ ಅರೆಗಾಯಿಯನ್ನು ಕಿತ್ತಿಟ್ಟು ಕಾಯುವುದು ದಂಡ. ಕಳಿತ ಹಣ್ಣು ಕುತ್ತಿಗೆ ಬಾಗಿಸಿ ಜೋತುಬಿದ್ದಿರುತ್ತದೆ, ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಕಿವಿಯ ಹಾಲೆಯಷ್ಟು ಮೆದು. ಕಿತ್ತ ತೊಟ್ಟಿನಿಂದ ಹಾಲು ತೊಟ್ಟಿಕ್ಕಿದರೆ ಅದಿನ್ನೂ ಕಾಯಿ, ಅಳತೆಗೆ ಸೇರಿಸಬೇಡಿ. ಹಸಿರು ಸಿಪ್ಪೆಯ ತಳಿಗಳಲ್ಲಿ ಬಣ್ಣ ನೆಚ್ಚಿಕೊಂಡರೆ ಮೋಸಹೋಗುತ್ತೀರಿ, ಅಲ್ಲಿ ಬಾಗುವಿಕೆ ಮತ್ತು ಮೆದುತನವೇ ಗುರುತು.

ಹೊರಗಿನಿಂದ ಓದುವುದು

ತೂಕ ಮೊದಲು. ಒರಟು ಅಳತೆಗೆ 30 ಗ್ರಾಂ ಒಳಗಿದ್ದರೆ ಸಣ್ಣದು, 30ರಿಂದ 60 ಮಧ್ಯಮ, ಅದಕ್ಕೂ ಮೇಲೆ ದೊಡ್ಡದು. ಹತ್ತು ಹಣ್ಣಿನ ಸರಾಸರಿ ತೆಗೆಯಿರಿ. ಆಮೇಲೆ ಅಗಲವನ್ನು ಉದ್ದದಿಂದ ಭಾಗಿಸಿ: 0.9ಕ್ಕಿಂತ ಕಡಿಮೆ ಬಂದರೆ ಉದ್ದನೆಯ ಹಣ್ಣು, 0.9ರಿಂದ 1.1 ದುಂಡು, ಅದಕ್ಕಿಂತ ಹೆಚ್ಚಾದರೆ ಚಪ್ಪಟೆ.

ಕುತ್ತಿಗೆ ಎಂದರೆ ತೊಟ್ಟಿನ ಕಡೆ ಹಣ್ಣು ಸಣ್ಣಗಾಗುವ ಭಾಗ. ಕೆಲವು ತಳಿಗೆ ಅದು ಇಲ್ಲವೇ ಇಲ್ಲ, ಬುಗುರಿಯ ಹಾಗಿರುತ್ತದೆ. ಕೆಲವಕ್ಕೆ ದಪ್ಪ ಮೋಟು ಕುತ್ತಿಗೆ. ಕೆಲವಕ್ಕೆ ಉದ್ದ ಸಪೂರ. ಕುತ್ತಿಗೆ ಬೇರೆ, ತೊಟ್ಟು ಬೇರೆ. ಎರಡನ್ನೂ ಪ್ರತ್ಯೇಕ ಅಳೆಯಿರಿ.

ಸಿಪ್ಪೆಯ ಮೇಲೆ ಬೂದಿ ಬಳಿದಂಥ ಪುಡಿ ಇದ್ದರೆ ಅದನ್ನು ಬರೆದುಕೊಂಡು, ಒದ್ದೆ ಬಟ್ಟೆಯಿಂದ ಒರೆಸಿ ಅಡಿಯ ನಿಜವಾದ ಬಣ್ಣ ನೋಡಿ. ಕುತ್ತಿಗೆಯ ಬಣ್ಣ ಮತ್ತು ಹೊಟ್ಟೆಯ ಬಣ್ಣ ಒಂದೇ ಆಗಿರಬೇಕಿಲ್ಲ. ಎಷ್ಟೋ ಕಪ್ಪು ತಳಿಗಳಲ್ಲಿ ಕುತ್ತಿಗೆ ಕೊನೆಯವರೆಗೂ ಹಸಿರಾಗಿಯೇ ಇರುತ್ತದೆ. ಮೇಲಿಂದ ಕೆಳಗೆ ಏಣು ಎದ್ದಿದೆಯೇ, ಕಳಿತಾಗ ಸಿಪ್ಪೆ ಬಿಳಿ ಗೆರೆಗಳಾಗಿ ಬಿರಿಯುತ್ತದೆಯೇ, ಬಾಳೆಸಿಪ್ಪೆಯಂತೆ ಸುಲಿದು ಬರುತ್ತದೆಯೇ ಎಂಬುದನ್ನೂ ಗಮನಿಸಿ.

ಇನ್ನು ಕಣ್ಣು. ಹಣ್ಣಿನ ತುದಿಯ ತೂತಿಗೆ ಅಂಜೂರ ಬೆಳೆಯುವವರು ಕಣ್ಣು ಎನ್ನುತ್ತಾರೆ. ಹವೆ, ಗೊಬ್ಬರ, ನೀರು ಬದಲಾದರೂ ಕಣ್ಣಿನ ಲಕ್ಷಣ ಹೆಚ್ಚು ಬದಲಾಗುವುದಿಲ್ಲ. ಸಿಪ್ಪೆಯ ಬಣ್ಣಕ್ಕಿಂತ ಇದನ್ನು ನಂಬಬಹುದು. ಹಣ್ಣನ್ನು ತಲೆಕೆಳಗಾಗಿ ಹಿಡಿದು ನೋಡಿ. ಸಣ್ಣ ಹುರುಪೆಗಳು ಒಂದರ ಮೇಲೊಂದು ಕೂತು ತೂತನ್ನು ಬಿಗಿಯಾಗಿ ಮುಚ್ಚಿವೆಯೇ, ಕಡ್ಡಿಯ ತುದಿ ಹೋಗುವಷ್ಟು ತೆರೆದಿದೆಯೇ, ಐದು ಮಿಲಿಮೀಟರ್‌ಗಿಂತ ಅಗಲ ಬಾಯಿ ಬಿಟ್ಟಿದೆಯೇ? ಹುರುಪೆಗಳ ಬಣ್ಣ ಸಿಪ್ಪೆಯದ್ದೇ ಅಥವಾ ಗುಲಾಬಿ, ಕೆಂಪು ಉಂಗುರವಿದೆಯೇ? ಹಣ್ಣಾಗುವಾಗ ಅಲ್ಲಿ ಜೇನಿನಂಥ ಹನಿ ಕಟ್ಟಿಕೊಂಡು ತೂತನ್ನು ಮುಚ್ಚುತ್ತದೆಯೇ? ಬಿಗಿ ಕಣ್ಣಿನ ಹಣ್ಣಿಗೆ ಮಳೆನೀರು, ಇರುವೆ, ಹುಳಿನೊಣ ಸುಲಭವಾಗಿ ಒಳಹೊಗುವುದಿಲ್ಲ. ತೆರೆದ ಕಣ್ಣಿನದು ಮಳೆಗೆ ಬೇಗ ಹುಳಿಯುತ್ತದೆ. ‘ಮಳೆ ಬಂದರೆ ಈ ಗಿಡದ ಹಣ್ಣು ಹುಳಿ’ ಎಂದು ಮನೆಯವರು ಹೇಳುತ್ತಿದ್ದರೆ ಅದೂ ಒಂದು ಗುರುತೇ.

ಕೊಯ್ದು ನೋಡಿದಾಗ

ತೊಟ್ಟಿನಿಂದ ಕಣ್ಣಿನವರೆಗೆ ನೇರ ಉದ್ದಕ್ಕೆ ಎರಡು ಹೋಳು ಮಾಡಿ. ಮೊಂಡು ಚಾಕು ತಿರುಳನ್ನು ಹಿಸುಕಿ ಒಳಗಿನ ಟೊಳ್ಳನ್ನು ಮುಚ್ಚಿಬಿಡುತ್ತದೆ. ಕೊಯ್ದ ಕೂಡಲೇ ಫೋಟೊ ತೆಗೆಯಿರಿ, ಬಿಟ್ಟರೆ ತಿರುಳು ಕಂದುತ್ತದೆ.

ಹೊರಗಿನಿಂದ ಒಳಕ್ಕೆ ಓದಿ. ಮೊದಲು ಸಿಪ್ಪೆಯ ತೆಳು ಗೆರೆ. ಅದರ ಒಳಗೆ ಬಿಳಿ ಪದರ. ಇದು ಕಾಗದದಷ್ಟು ತೆಳುವೋ, ಎರಡು ಮೂರು ಮಿಲಿಮೀಟರ್ ದಪ್ಪವೋ, ಬಿಳಿಯೋ, ನೇರಳೆ ಛಾಯೆಯೋ ಎಂದು ಬರೆಯಿರಿ. ಅದರೊಳಗೆ ಎಳೆಎಳೆಯಾಗಿ ಒಳಮುಖ ಮಾಡಿ ನಿಂತದ್ದೇ ತಿರುಳು; ಅವೆಲ್ಲ ಹೂಗಳೇ. ಅವುಗಳ ಬಣ್ಣವನ್ನು ‘ಕೆಂಪು’ ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. ಜೇನಿನ ಬಣ್ಣ, ನಸುಗುಲಾಬಿ, ಕಲ್ಲಂಗಡಿ ಗುಲಾಬಿ, ಸ್ಟ್ರಾಬೆರಿ ಕೆಂಪು, ದಟ್ಟ ರಕ್ತಗೆಂಪು ಎಂದು ಐದು ಮೆಟ್ಟಿಲು ಇಟ್ಟುಕೊಂಡು ಯಾವ ಮೆಟ್ಟಿಲು ಎಂದು ಹೇಳಿ. ನಡುವೆ ಟೊಳ್ಳಿದೆಯೇ, ಎಷ್ಟು ಅಗಲ? ಬೀಜ ಸಣ್ಣದೇ ದೊಡ್ಡದೇ, ಹಲ್ಲಿಗೆ ಕರಕರ ಎನ್ನುತ್ತದೆಯೇ? ರುಚಿಯನ್ನು ಬರೆಯುವಾಗ ಬರೀ ಜೇನಿನ ಸಿಹಿಯೋ, ಬೆಲ್ಲದ ಕಡೆಯದೋ, ಸಿಹಿಯ ಹಿಂದೆ ಹುಳಿಯೂ ಇದೆಯೋ ಎಂದು ಬೇರೆ ಮಾಡಿ. ರುಚಿ ಹೊಂದಿತು ಎಂಬ ಒಂದೇ ಕಾರಣಕ್ಕೆ ಯಾವ ಹೆಸರನ್ನೂ ಒಪ್ಪಬೇಡಿ.

ಎಲೆ

ಎಲೆ ಆರಿಸುವುದರಲ್ಲೇ ಅರ್ಧ ತಪ್ಪು ನಡೆಯುತ್ತದೆ. ಬುಡದಿಂದ ಎದ್ದ ಸೊಕ್ಕಿನ ಚಿಗುರಿನ ಎಲೆ, ನೆರಳಿನ ಎಲೆ, ಚಿಗುರಿನ ಮೊದಲ ಎರಡು ಮೂರು ಎಲೆ ಮತ್ತು ತುದಿಯ ಎಳೆ ಎಲೆ ಯಾವುದೂ ಬೇಡ. ಬಿಸಿಲಿನಲ್ಲಿರುವ, ಕಾಯಿ ಹಿಡಿದ ಹತ್ತು ಚಿಗುರುಗಳ ನಡುಭಾಗದಿಂದ ಎರಡೆರಡರಂತೆ ಇಪ್ಪತ್ತು ಎಲೆ ಕೀಳಿ. ಬೆರಳುಗಳನ್ನು ಎಣಿಸಿ, ಹೆಚ್ಚು ಎಲೆಗಳಲ್ಲಿ ಇರುವ ಸಂಖ್ಯೆಯನ್ನು ಗಿಡದ ಲಕ್ಷಣ ಎಂದು ತೆಗೆದುಕೊಳ್ಳಿ. ಇಪ್ಪತ್ತರಲ್ಲಿ ಹದಿನಾಲ್ಕು ಐದು ಬೆರಳಿನವು, ಆರು ಮೂರು ಬೆರಳಿನವು ಎಂದು ಅಂಕಿ ಸಮೇತ ಬರೆದರೆ ಇನ್ನೂ ಒಳ್ಳೆಯದು.

ಸೀಳಿನ ಆಳಕ್ಕೆ ಎಲೆಯ ನಡುಬೆರಳಿನ ಉದ್ದವನ್ನು ಇಡೀ ಎಲೆಯ ಉದ್ದಕ್ಕೆ ಹೋಲಿಸಿ. ಮೂರನೇ ಒಂದು ಭಾಗಕ್ಕಿಂತ ಕಡಿಮೆಯಾದರೆ ಸೀಳು ಮೇಲುಮೇಲಿನದು, ಅರ್ಧದ ಆಸುಪಾಸು ಮಧ್ಯಮ, ಮೂರನೇ ಎರಡು ಭಾಗ ಮುಟ್ಟಿದರೆ ಆಳ. ನಡುಬೆರಳು ಬುಡದಲ್ಲಿ ಸಪೂರವಾಗಿ ತುದಿಗೆ ಸೌಟಿನಂತೆ ಅಗಲವಾಗಿದೆಯೋ, ಪಟ್ಟಿಯಂತೆ ಒಂದೇ ಅಗಲವೋ? ಎಲೆಯ ಬುಡ ತೊಟ್ಟು ಸೇರುವಲ್ಲಿ ಹೃದಯಾಕಾರವೋ, ನೇರ ಕತ್ತರಿಸಿದಂತಿದೆಯೋ, ತೊಟ್ಟಿನ ಕಡೆಗೆ ಇಳಿಜಾರೋ? ಅಂಚು ಗರಗಸವೋ ಅಲೆಅಲೆಯೋ? ಎಲೆಗಳನ್ನು ಪತ್ರಿಕೆಯ ಹಾಳೆಗಳ ನಡುವೆ ಭಾರವಿಟ್ಟು ಒಣಗಿಸಿ, ಒಂದು ವಾರ ದಿನವೂ ಹಾಳೆ ಬದಲಿಸಿದರೆ ವರ್ಷಗಟ್ಟಲೆ ಕೆಡದೆ ಉಳಿಯುತ್ತವೆ. ಎಲೆ ಉದುರಿದ ಮೇಲೆ ಕಡ್ಡಿಯ ತುದಿಯ ಚೂಪು ಮೊಗ್ಗಿನ ಬಣ್ಣ ನೋಡಲು ಮರೆಯಬೇಡಿ. ಹಸಿರು, ಕಂದು, ಕೆಂಪು ಹೀಗೆ ತಳಿಗೊಂದು.

ಫೋಟೊ ತೆಗೆಯುವಾಗ ತೆಳು ಮೋಡದ ಬೆಳಕು ಅಥವಾ ನೆರಳು ಇರಲಿ. ಹಣ್ಣಿನ ಪಕ್ಕದಲ್ಲಿ ಸ್ಕೇಲು ಮತ್ತು ಬಿಳಿ ಕಾಗದದ ಚೂರು ಇಡಿ, ಸಂಜೆಯ ಬಿಸಿಲಿಗೆ ಎಲ್ಲ ತಿರುಳೂ ಕೆಂಪಾಗಿಯೇ ಕಾಣುತ್ತದೆ.

ಹೊಡೆದುಹಾಕುವ ಕೆಲಸ

ಈಗ ಹೆಸರುಗಳ ಸರದಿ. ಹತ್ತಿಪ್ಪತ್ತು ಹೆಚ್ಚು ಹರಡಿದ ತಳಿಗಳಿಂದ ಶುರು ಮಾಡಿ, ಏಕೆಂದರೆ ಹಿತ್ತಿಲಲ್ಲಿ ಸಿಗುವುದು ಸಾಮಾನ್ಯವಾಗಿ ಅವೇ. ಅಪರೂಪದ ಹೆಸರು ಹೊಂದುತ್ತಿದೆ ಅನ್ನಿಸಿದಾಗ ಇನ್ನೊಮ್ಮೆ ಅನುಮಾನಿಸಿ.

ಸಿಪ್ಪೆ ಹಸಿರು ಅಥವಾ ಹಳದಿ ಎಂದಿಟ್ಟುಕೊಳ್ಳಿ. ತಿರುಳು ಜೇನಿನ ಬಣ್ಣ, ಕುತ್ತಿಗೆ ದಪ್ಪ, ಕಣ್ಣಿನಲ್ಲಿ ಜೇನಹನಿ ಇದ್ದರೆ ಕಡೋಟ ನೆನಪಾಗಬೇಕು. ಇಟಲಿಯಲ್ಲಿ ಅದೇ ಡೊಟ್ಟಾಟೊ. ಹಸಿರು ಸಿಪ್ಪೆಯೊಳಗೆ ಸ್ಟ್ರಾಬೆರಿ ಕೆಂಪು ಇದ್ದರೆ ಕಡೋಟ ಹೋಯಿತು, ಏಡ್ರಿಯಾಟಿಕ್ ಎಂಬ ತಳಿಯ ಕಡೆಯದನ್ನು ನೋಡಿ. ಅದೇ ಲಕ್ಷಣದ ಹಣ್ಣು ಬರೀ ಬ್ರೇಬಾದಲ್ಲಿ ಮಾತ್ರ ನಿಂತರೆ ಡೆಸರ್ಟ್ ಕಿಂಗ್ ಕಡೆಗೆ. ಹಸಿರು ಹಳದಿ ಪಟ್ಟೆ ಇದ್ದು ಎಳೆ ಕಡ್ಡಿಯಲ್ಲೂ ಪಟ್ಟೆ ಕಂಡರೆ ಪನಾಶೆ. ಇಷ್ಟು ಸುಲಭವಾಗಿ ಗುರುತು ಸಿಗುವ ತಳಿ ಇನ್ನೊಂದಿಲ್ಲ.

ಕಪ್ಪು, ನೇರಳೆ, ಕಂದು ಹಣ್ಣುಗಳಲ್ಲಿ ಪೇಚು ಹೆಚ್ಚು. ಹಣ್ಣು ಸಣ್ಣದಿದ್ದು, ನೇರಳೆಗಂದು ಬಣ್ಣ, ಕಣ್ಣು ಬಿಗಿಯಾಗಿ ಮುಚ್ಚಿದ್ದರೆ ಸೆಲೆಸ್ಟ್ ಪಟ್ಟಿಯಲ್ಲಿ ಉಳಿಯಲಿ. ಕಣ್ಣು ತೆರೆದಿದ್ದರೆ ಸೆಲೆಸ್ಟ್ ಖಂಡಿತ ಅಲ್ಲ. ಕಡು ಕಪ್ಪು, ಎದ್ದು ಕಾಣುವ ಕುತ್ತಿಗೆ, ತಿರುಳು ಜೇನಿನಿಂದ ನಸುಗುಲಾಬಿ, ಮರ ದೊಡ್ಡದು, ಎರಡೂ ಬೆಳೆ ಇದ್ದರೆ ಬ್ಲ್ಯಾಕ್ ಮಿಷನ್. ಹಣ್ಣು ಕಪ್ಪೇ ಆಗಿದ್ದು ಸಣ್ಣ ಮಧ್ಯಮ ಗಾತ್ರ, ತಿರುಳು ದಟ್ಟ ಕೆಂಪು, ಎಲೆಯ ಬೆರಳುಗಳು ಸಪೂರ, ಸೀಳು ಆಳವಿದ್ದರೆ ವಯೊಲೆಟ್ ಡಿ ಬೋರ್ಡೊ. ಅದನ್ನೇ ನೆಗ್ರೋನ್ ಎಂದೂ ಕರೆಯುತ್ತಾರೆ. ಎಲೆ ಹಾಗೇ ಸಪೂರ ಬೆರಳಿನದು, ಆದರೆ ಹಣ್ಣು ದೊಡ್ಡದು, ಕಂಚಿನ ಬಣ್ಣ, ಒಂದು ಕಡೆಗೆ ವಾಲಿದ ಆಕಾರ, ತಿರುಳಿನ ನಡುವೆ ಟೊಳ್ಳು ಎಂದಾದರೆ ಬ್ರನ್ಸ್‌ವಿಕ್. ಎಲೆ ಒಂದನ್ನೇ ನೋಡಿದವರು ಕೊನೆಯ ಎರಡನ್ನು ಅದಲುಬದಲು ಮಾಡುವುದು ಹೀಗೇ.

ಬ್ರೌನ್ ಟರ್ಕಿ ಎಂಬ ಹೆಸರನ್ನಂತೂ ಹುಷಾರಾಗಿ ಬಳಸಬೇಕು. ಇಂಗ್ಲೆಂಡಿನಲ್ಲಿ ಆ ಹೆಸರಿನದೇ ಒಂದು, ಕ್ಯಾಲಿಫೋರ್ನಿಯಾದಲ್ಲಿ ಬೆಳೆಯುವ ದೊಡ್ಡ ಹಣ್ಣಿನದೇ ಇನ್ನೊಂದು, ಎರಡಕ್ಕೂ ಸಂಬಂಧವಿಲ್ಲ. ಕಂದು ಬಣ್ಣದ, ಹೆಸರು ಗೊತ್ತಿಲ್ಲದ ಅಂಜೂರಕ್ಕೆಲ್ಲ ನರ್ಸರಿಗಳು ಈ ಚೀಟಿ ಅಂಟಿಸುವುದೂ ಉಂಟು. ಹಳೆಯ ಚೀಟಿಯಲ್ಲಿ ಬ್ರೌನ್ ಟರ್ಕಿ ಎಂದಿದ್ದರೆ ಅದನ್ನು ಸುಳಿವು ಎಂದು ತೆಗೆದುಕೊಳ್ಳಿ, ಪುರಾವೆ ಎಂದಲ್ಲ.

ಮೋಸ ಮಾಡುವ ಸಂಗತಿಗಳು

ಕಣಜದಿಂದ ಪರಾಗಸ್ಪರ್ಶವಾದ ಹಣ್ಣು ಅದೇ ತಳಿಯ ಪರಾಗವಿಲ್ಲದ ಹಣ್ಣಿಗಿಂತ ದೊಡ್ಡದು, ತಿರುಳು ಒಂದೆರಡು ಮೆಟ್ಟಿಲು ಹೆಚ್ಚು ಕೆಂಪು, ಬೀಜ ಗಟ್ಟಿ. ಲೋಟದ ನೀರಿನ ಪರೀಕ್ಷೆ ನೆನಪಿದೆಯಲ್ಲ? ನಿಮ್ಮ ಹಣ್ಣಿನ ಬೀಜ ಮುಳುಗಿದ್ದರೆ, ಕಣಜವಿಲ್ಲದ ನಾಡಿನ ಫೋಟೊಗಳ ಜೊತೆ ತಿರುಳಿನ ಬಣ್ಣ ಹೋಲಿಸಬೇಡಿ.

ಎಲೆಯಲ್ಲಿ ಹಳದಿ ಮಚ್ಚೆ, ಅದರ ಅಂಚಿಗೆ ತುಕ್ಕು ಬಣ್ಣ, ಎಲೆ ಸೊಟ್ಟ ಇದ್ದರೆ ಅದು ಮೊಸಾಯಿಕ್ ರೋಗ. ಸಣ್ಣ ನುಸಿ ಮತ್ತು ರೋಗವಿರುವ ಕಡ್ಡಿಯ ಮೂಲಕ ಹರಡುವ ವೈರಸ್ ಇದಕ್ಕೆ ಕಾರಣ. ಇದನ್ನು ತಳಿಯ ಲಕ್ಷಣ ಎಂದು ಬರೆಯಬಾರದು, ಸೊಟ್ಟ ಎಲೆಯನ್ನು ಎಣಿಕೆಗೂ ಸೇರಿಸಬಾರದು. ಕುಂಡದ ಗಿಡದಲ್ಲಿ ಹಣ್ಣು ಸಣ್ಣದಾಗುತ್ತದೆ, ಎಲೆಯೂ ಕುಗ್ಗುತ್ತದೆ. ತಂಪು ವರ್ಷದಲ್ಲಿ ಹಣ್ಣು ನಿಧಾನವಾಗಿ ಕಳಿತು ಬಣ್ಣ, ಸಿಹಿ ಎರಡೂ ಬದಲಾಗುತ್ತವೆ. ಎರಡನೆಯ ವರ್ಷದ ದಾಖಲೆ ಬೇಕೆನ್ನುವುದು ಇದಕ್ಕೇ.

ಪಕ್ಕಪಕ್ಕ ಬೆಳೆಸಿ ನೋಡುವುದು

ಪಟ್ಟಿ ಎರಡು ಮೂರು ಹೆಸರಿಗೆ ಇಳಿದ ಮೇಲೆ ಕಾಗದದ ಹೋಲಿಕೆ ಮುಂದಕ್ಕೆ ಒಯ್ಯುವುದಿಲ್ಲ. ಆ ತಳಿಗಳ ಖಚಿತ ಕಡ್ಡಿ ತರಿಸಿ ನಿಮ್ಮ ಗಿಡದ ಕಡ್ಡಿಯ ಜೊತೆ ಒಂದೇ ಮಣ್ಣಿನಲ್ಲಿ ನೆಡಿ. ಎಲೆ ಉದುರಿದ ಕಾಲದಲ್ಲಿ, ಪೆನ್ಸಿಲ್ ದಪ್ಪದ, 15ರಿಂದ 20 ಸೆಂಟಿಮೀಟರ್ ಉದ್ದದ, ಮೂರು ನಾಲ್ಕು ಗೆಣ್ಣಿರುವ ಕಡ್ಡಿ ಆರಿಸಿ. ಕೆಳಗಿನ ಕತ್ತರಿಕೆ ಗೆಣ್ಣಿನ ಸ್ವಲ್ಪ ಕೆಳಗೆ ಬರಲಿ. ನೀರು ಬಸಿಯುವ ಹಗುರ ಮಿಶ್ರಣದಲ್ಲಿ ಮೇಲಿನ ಒಂದು ಗೆಣ್ಣು ಬಿಟ್ಟು ಉಳಿದದ್ದನ್ನು ಹೂಳಿ, 20ರಿಂದ 25 ಡಿಗ್ರಿ ಬೆಚ್ಚಗಿರುವ ಕಡೆ ಇಡಿ. ನಾಲ್ಕರಿಂದ ಆರು ವಾರದಲ್ಲಿ ಬೇರು ಬರುತ್ತದೆ. ಕೊಳೆಯುವುದು ಬಹುಪಾಲು ಅತಿ ನೀರಿನಿಂದ. ಮಿಶ್ರಣ ಹಿಂಡಿದರೆ ನೀರು ತೊಟ್ಟಿಕ್ಕಬಾರದು. ಚಿಗುರು ಮೊದಲು ಬಂದರೆ ಹಿಗ್ಗಬೇಡಿ, ಬೇರಿಲ್ಲದೆಯೂ ಕಡ್ಡಿ ತನ್ನಲ್ಲಿದ್ದ ಶಕ್ತಿಯಿಂದ ನಾಲ್ಕು ಎಲೆ ಬಿಡಬಲ್ಲದು. ಎರಡು ಮೂರು ವರ್ಷಕ್ಕೆ ಎರಡರಲ್ಲೂ ಹಣ್ಣು ಬಂದಾಗ ಒಂದೇ ದಿನ ಕಿತ್ತು, ಒಂದೇ ತಟ್ಟೆಯಲ್ಲಿ ಕೊಯ್ದಿಡಿ. ಇದಕ್ಕಿಂತ ಮೇಲಿನ ಸಾಕ್ಷಿ ಮನೆಯಲ್ಲಿ ಸಿಗುವುದಿಲ್ಲ.

ಡಿಎನ್‌ಎ ಪರೀಕ್ಷೆ ಇದೆ, ಆದರೆ ಅದು ಹೆಸರನ್ನು ತಾನಾಗಿ ಹೇಳುವುದಿಲ್ಲ. ಹೋಲಿಸಲು ಹೆಸರು ಖಚಿತವಾದ ಗಿಡಗಳ ಸಂಗ್ರಹ ಬೇಕು, ಉದಾಹರಣೆಗೆ ಅಮೆರಿಕದ ಡೇವಿಸ್‌ನಲ್ಲಿ ಕೃಷಿ ಇಲಾಖೆಯ ಅಂಜೂರ ಸಂಗ್ರಹವಿದೆ. ಅದೂ ಅಲ್ಲದೆ ಒಂದು ಕೊಂಬೆ ತಾನಾಗಿ ಬದಲಾಗಿ ಹುಟ್ಟಿದ ತಳಿಯನ್ನು, ಅಂದರೆ ಪಟ್ಟೆ ಬಂದದ್ದು, ಬಣ್ಣ ತಿರುಗಿದ್ದನ್ನು, ಅದರ ಮೂಲ ತಳಿಯಿಂದ ಬೇರ್ಪಡಿಸಲು ಮಾಮೂಲಿ ಡಿಎನ್‌ಎ ಗುರುತುಗಳ ಪರೀಕ್ಷೆಗೆ ಆಗುವುದಿಲ್ಲ.

ಹೆಸರು ಸಿಗದಿದ್ದರೆ

ಎಷ್ಟೋ ಗಿಡಗಳಿಗೆ ಸಿಗುವುದಿಲ್ಲ. ಆಗ ಹತ್ತಿರದ ಹೆಸರೊಂದನ್ನು ಅಂಟಿಸಿ ಕಡ್ಡಿ ಹಂಚಿದರೆ ಈಗಿರುವ ಗೊಂದಲಕ್ಕೆ ಇನ್ನೊಂದು ಸೇರಿದಂತೆ. ‘ಅಜ್ಞಾತ’ ಎಂದು ಬರೆದು ಮುಂದೆ ಗಿಡದ ಜಾಗ ಮತ್ತು ಹಣ್ಣಿನ ಬಣ್ಣ ಸೇರಿಸಿ: ‘ಅಜ್ಞಾತ, ಬಾವಿ ಪಕ್ಕದ ಕಪ್ಪು’. ಕಡ್ಡಿ ಕೇಳಿದವರಿಗೆಲ್ಲ ಅದೇ ಹೆಸರಿನಲ್ಲಿ ಕೊಡಿ, ಜೊತೆಗೆ ನಿಮ್ಮ ಅಳತೆಯ ಹಾಳೆಯ ಒಂದು ಪ್ರತಿ ಇರಲಿ. ಗಿಡಕ್ಕೆ ಕಟ್ಟುವ ಚೀಟಿಯನ್ನು ಪೆನ್ನಿನಲ್ಲಿ ಬರೆದರೆ ಒಂದೇ ಬೇಸಿಗೆಗೆ ಮಾಸುತ್ತದೆ. ತೆಳು ಅಲ್ಯೂಮಿನಿಯಂ ಪಟ್ಟಿಯ ಮೇಲೆ ಮೊಳೆಯಿಂದ ಗೀಚಿ, ಕೊಂಬೆ ದಪ್ಪವಾದಾಗ ಕೊರೆಯದಂತೆ ತಂತಿಯನ್ನು ಸಡಿಲ ಬಿಟ್ಟು ಕಟ್ಟಿ.